ವಾರಂಟಿ ಇರೋ ಕಾರಿನ ಇಂಜಿನ್ ಕೆಟ್ಟರೆ: ಶೋರೂಂನಲ್ಲಿ ಏನಾಗುತ್ತೆ, ನೀವೇನು ಮಾಡ್ಬೇಕು?

ಶಿವಮೊಗ್ಗ: ನಮ್ಮ ತಾಲೂಕುಗಳಲ್ಲಿ ಕಾರು ಅಂದ್ರೆ ಬರೀ ಮದುವೆ, ಮುಂಜಿಗೆ ಹೋಗೋ ಗಾಡಿ ಅಲ್ಲ. ಅಂಗಡಿಗೆ ಮಾಲು ತರೋದು, ತೋಟಕ್ಕೆ ಗೊಬ್ಬರ ಸಾಗಿಸೋದು, ರಾತ್ರಿ ಹೊತ್ತು ಅಕ್ಕಪಕ್ಕದವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋದು ಎಲ್ಲಾ ಅದರಲ್ಲೇ. ಅಂಥ ಗಾಡಿಯ ಇಂಜಿನ್ ಎರಡೇ ವರ್ಷಕ್ಕೆ ಸದ್ದು ಮಾಡೋಕೆ ಶುರು ಮಾಡಿದ್ರೆ ಮೊದಲು ಬರೋ ಮಾತು, 'ಚಿಂತೆ ಇಲ್ಲ ಬಿಡಿ, ವಾರಂಟಿ ಇದೆಯಲ್ಲ'. ಶೋರೂಂಗೆ ಹೋದ ಮೇಲೆ ಚಿಂತೆ ಶುರುವಾಗುತ್ತೆ. 'ಕಂಪನಿಗೆ ಕಳ್ಸಿದ್ದೀವಿ ಸಾರ್', 'ಅಪ್ರೂವಲ್ ಬಂದಿಲ್ಲ', 'ಇದು ವಾರಂಟಿಗೆ ಬರಲ್ಲ'.

ಇಂಜಿನ್ ಪೂರ್ತಿ ಬದಲಾಯಿಸಬೇಕು ಅಂದ್ರೆ ಸಣ್ಣ ಕಾರಿಗೂ ಬಿಲ್ಲು ಲಕ್ಷ ದಾಟಬಹುದು. ಆದ್ದರಿಂದ ಡೀಲರ್ ಹತ್ರ ಏನನ್ನ ನಿರೀಕ್ಷೆ ಮಾಡ್ಬಹುದು, ಏನನ್ನ ಮಾಡಬಾರದು ಅನ್ನೋದನ್ನ ಇಲ್ಲಿ ಒಂದೊಂದಾಗಿ ಹೇಳಿದ್ದೇವೆ. ಮೊದಲೇ ಒಂದು ಮಾತು: ವಾರಂಟಿ ಸಿಗುತ್ತೋ ಇಲ್ಲವೋ ಅನ್ನೋದು ಬಹುಪಾಲು ನಿರ್ಧಾರ ಆಗೋದು ಇಂಜಿನ್ ಬಿಚ್ಚಿದಾಗ ಅಲ್ಲ. ನಿಮ್ಮ ಸರ್ವಿಸ್ ದಾಖಲೆಯಲ್ಲಿ ಮತ್ತು ಗಾಡಿ ಒಳಗೆ ಬಿಟ್ಟ ದಿನ ಬರೆಯೋ ಜಾಬ್ ಕಾರ್ಡ್‌ನಲ್ಲಿ.

ವಾರಂಟಿ ಕೊಡೋದು ಯಾರು?

ಕಾರು ಮಾರಿದ್ದು ಡೀಲರ್. ಆದ್ರೆ ವಾರಂಟಿ ಕೊಡೋದು ಕಾರು ತಯಾರಿಸಿದ ಕಂಪನಿ. ಡೀಲರ್ ರಿಪೇರಿ ಮಾಡಿ, ಖರ್ಚನ್ನ ಕಂಪನಿಯಿಂದ ವಸೂಲು ಮಾಡ್ಕೊಳ್ತಾರೆ.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಗಿರಾಕಿ ಹಾಳಾದ ಬಿಸ್ಕತ್ ಪ್ಯಾಕೆಟ್ ವಾಪಸ್ ತಂದ್ರೆ ನೀವು ಬದಲಾಯಿಸಿ ಕೊಡ್ತೀರಿ. ಆಮೇಲೆ ಡ್ಯಾಮೇಜ್ ಮಾಲನ್ನ ಲೈನ್ ಗಾಡಿಯವನಿಗೆ ಕೊಟ್ಟು ಲೆಕ್ಕ ಹಿಡೀತೀರಿ. 'ಇದು ನಮ್ಮ ತಪ್ಪಲ್ಲ, ನೀವೇ ಬಿಸಿಲಿಗೆ ಇಟ್ಟಿದ್ದು' ಅಂತ ಕಂಪನಿಯವರು ಹೇಳಿದ್ರೆ ನಷ್ಟ ನಿಮ್ಮ ತಲೆ ಮೇಲೆ. ಡೀಲರ್ ಪಾಡೂ ಇದೇ. ಕಂಪನಿ ಒಪ್ಪದಿದ್ರೆ ದುಡ್ಡು ಹೋಗೋದು ಅವರದ್ದು. ಅದಕ್ಕೇ ದೊಡ್ಡ ಕೆಲಸಕ್ಕೆ ಕೈ ಹಾಕೋ ಮುಂಚೆ ಫೋಟೋ, ವಿಡಿಯೋ, ಸ್ಕ್ಯಾನರ್ ವರದಿ, ನಿಮ್ಮ ಸರ್ವಿಸ್ ದಾಖಲೆ ಎಲ್ಲಾ ಕಂಪನಿಗೆ ಕಳಿಸಿ ಒಪ್ಪಿಗೆಗೆ ಕಾಯ್ತಾರೆ.

ಇದರಿಂದ ಎರಡು ವಿಷಯ ತಿಳ್ಕೊಳ್ಬೇಕು. ಒಂದು, ಸರ್ವಿಸ್ ಅಡ್ವೈಸರ್ ಜೊತೆ ಜಗಳ ಆಡಿ ಪ್ರಯೋಜನ ಕಮ್ಮಿ, ತೀರ್ಮಾನ ಅವರ ಕೈಯಲ್ಲಿ ಇಲ್ಲ. ಎರಡು, ಕಾರು ಕೊಂಡ ಡೀಲರ್ ಹತ್ರಾನೇ ಹೋಗ್ಬೇಕು ಅಂತ ಸಾಮಾನ್ಯವಾಗಿ ಇರೋದಿಲ್ಲ. ಅದೇ ಕಂಪನಿಯ ಯಾವ ಅಧಿಕೃತ ವರ್ಕ್‌ಶಾಪ್‌ನಲ್ಲಾದ್ರೂ ವಾರಂಟಿ ಕೆಲಸ ಕೇಳಬಹುದು. ಶಿವಮೊಗ್ಗದಲ್ಲಿ ಸಮಾಧಾನ ಆಗಲಿಲ್ಲ ಅಂದ್ರೆ ದಾವಣಗೆರೆಗೋ ಹುಬ್ಬಳ್ಳಿಗೋ ಒಯ್ಯೋ ದಾರಿ ಇದೆ.

ಎಷ್ಟು ವರ್ಷ, ಎಷ್ಟು ಕಿಲೋಮೀಟರ್?

ಕಂಪನಿಗೊಂದು, ಮಾಡೆಲ್ಲಿಗೊಂದು ಲೆಕ್ಕ. ಮಾರುತಿ ಸುಜುಕಿಯದ್ದೇ ತಗೊಳ್ಳಿ. ಮೊದಲು 2 ವರ್ಷ ಅಥವಾ 40,000 ಕಿ.ಮೀ. ಇತ್ತು. 2024ರ ಜುಲೈನಲ್ಲಿ ಅದನ್ನ 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿದ್ರು. ಅಂದ್ರೆ ಒಂದೇ ಬೀದಿಯಲ್ಲಿರೋ ಒಂದೇ ಮಾಡೆಲ್ಲಿನ ಎರಡು ಕಾರಿಗೆ ಬೇರೆ ಬೇರೆ ವಾರಂಟಿ ಇರಬಹುದು. 'ಪಕ್ಕದ ಮನೆಯವರಿಗೆ ಮಾಡಿಕೊಟ್ರಲ್ಲ' ಅನ್ನೋ ವಾದ ನಡೆಯಲ್ಲ. ನಿಮ್ಮ ಕಾರಿನ ಜೊತೆ ಬಂದ ವಾರಂಟಿ ಪುಸ್ತಕದಲ್ಲಿ ಏನಿದೆಯೋ ಅದೇ ಲೆಕ್ಕ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಕೆಲವು ಕಂಪನಿಗಳ ನಿಯಮ ಬೇರೆ ಇರುತ್ತೆ, ಅದನ್ನೂ ಪುಸ್ತಕದಲ್ಲೇ ನೋಡ್ಕೊಳ್ಳಿ.

ಇಲ್ಲಿ ಮರೀಬಾರದ ಮಾತು: ವರ್ಷ ಮತ್ತು ಕಿಲೋಮೀಟರ್, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗೀತು. ಲೆಕ್ಕ ಶುರುವಾಗೋದು ಕಾರು ತಯಾರಾದ ದಿನದಿಂದ ಅಲ್ಲ, ಮೊದಲ ಗಿರಾಕಿಗೆ ಕೊಟ್ಟ ದಿನದಿಂದ. ಸೆಕೆಂಡ್ ಹ್ಯಾಂಡ್ ಕಾರಿಗೆ ಉಳಿದಿರೋ ಅವಧಿ ಸಾಮಾನ್ಯವಾಗಿ ಹೊಸ ಮಾಲೀಕರಿಗೆ ಬರುತ್ತೆ. ಆದ್ರೆ ಹಣ ಕಟ್ಟಿ ತಗೊಂಡ ಎಕ್ಸ್‌ಟೆಂಡೆಡ್ ವಾರಂಟಿ ಹೆಸರು ಬದಲಾಯಿಸದೆ ಬರದೇ ಇರಬಹುದು. ಕಾರು ಕೊಳ್ಳೋ ದಿನವೇ ಅದನ್ನ ಕೇಳಿ ಬರೆಸ್ಕೊಳ್ಳಿ.

ಯಾವುದಕ್ಕೆ ಸಿಗುತ್ತೆ, ಯಾವುದಕ್ಕೆ ಇಲ್ಲ?

ವಾರಂಟಿ ಇರೋದು ತಯಾರಿಕೆಯ ದೋಷಕ್ಕೆ. ಅಂದ್ರೆ ವಸ್ತುವಿನಲ್ಲೋ ಜೋಡಣೆಯಲ್ಲೋ ಕಾರ್ಖಾನೆಯಿಂದಲೇ ಬಂದ ತಪ್ಪಿಗೆ. ಇಂಜಿನ್ ವಿಷಯದಲ್ಲಿ ಸಾಮಾನ್ಯವಾಗಿ ಬ್ಲಾಕ್, ಹೆಡ್, ಪಿಸ್ಟನ್, ರಿಂಗ್, ಕ್ರ್ಯಾಂಕ್, ಆಯಿಲ್ ಪಂಪ್, ಟೈಮಿಂಗ್ ಚೈನ್, ಟರ್ಬೊ, ಸೆನ್ಸರ್, ಇಂಜಿನ್ ಕಂಪ್ಯೂಟರ್ ಇದರೊಳಗೆ ಬರ್ತವೆ.

ಓಡಿದ ಹಾಗೆ ಸವೆಯೋ ಸಾಮಾನು ಬರಲ್ಲ. ಇಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬೆಲ್ಟ್, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್ ಈ ಗುಂಪಿನವು. ಬ್ಯಾಟರಿ, ಟೈರಿಗೆ ಆಯಾ ಕಂಪನಿಯವರದ್ದೇ ಬೇರೆ ವಾರಂಟಿ. ಫ್ರೀ ಸರ್ವಿಸ್ ಅಂದ್ರೂ ಫ್ರೀ ಇರೋದು ಕೂಲಿ ಮಾತ್ರ, ಆಯಿಲ್, ಫಿಲ್ಟರ್ ದುಡ್ಡು ನಿಮ್ಮದೇ. ಆದ್ರೆ ವಾರಂಟಿ ಕೆಲಸಕ್ಕೆ ಇಂಜಿನ್ ಬಿಚ್ಚಿದಾಗ ಹೊಸದಾಗಿ ಹಾಕಲೇಬೇಕಾದ ಆಯಿಲ್, ಕೂಲೆಂಟ್, ಗ್ಯಾಸ್ಕೆಟ್ ಖರ್ಚು ಯಾರದ್ದು ಅಂತ ಮೊದಲೇ ಕೇಳಿ. ಕ್ಲೇಮ್‌ನಲ್ಲೇ ಸೇರಿಸಿ ಅಂತ ಕೇಳೋಕೆ ನಾಚಿಕೆ ಬೇಡ.

ಇಲ್ಲ ಅನ್ನೋಕೆ ಅವರು ಕೊಡೋ ಕಾರಣಗಳು

ತಡವಾದ ಸರ್ವಿಸ್: ನಮ್ಮ ಕಡೆ ಸುಲಭವಾಗಿ ಆಗೋ ತಪ್ಪು ಇದು. ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದಕ್ಕೆ ಸರ್ವಿಸ್ ಅಂತ ಇರುತ್ತೆ. ಪೇಟೆಯಲ್ಲಿ ಅಂಗಡಿ, ಹತ್ತಿರದಲ್ಲೇ ಮನೆ ಇರೋರ ಕಾರು ವರ್ಷಕ್ಕೆ 4,000 ಕಿ.ಮೀ. ಕೂಡ ಓಡಲ್ಲ. 'ಇನ್ನೂ ಓಡೇ ಇಲ್ಲ, ಸರ್ವಿಸ್ ಯಾಕೆ' ಅಂತ ಸುಮ್ಮನಿರ್ತಾರೆ. ಕಂಪನಿ ಲೆಕ್ಕದಲ್ಲಿ ಅದು ತಪ್ಪಿದ ಸರ್ವಿಸ್. ಗಾಡಿ ನಿಂತಿದ್ರೂ ಆಯಿಲ್ ಹಳೇದಾಗುತ್ತೆ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸೋ ಗಾಡಿಯಲ್ಲಿ ಇಂಜಿನ್ ಸರಿಯಾಗಿ ಬಿಸಿ ಆಗದೆ ತೇವ ಆಯಿಲ್‌ಗೆ ಸೇರೋದೂ ಉಂಟು.

ಹೊರಗಿನ ಗ್ಯಾರೇಜು: 2014ರ ಆಗಸ್ಟ್‌ನಲ್ಲಿ ಸಿಸಿಐ, ಅಂದ್ರೆ ಭಾರತದ ಸ್ಪರ್ಧಾ ಆಯೋಗ, ಬಿಡಿಭಾಗಗಳ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡೋ ಷರತ್ತು ಸರಿಯಲ್ಲ, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿ ಆಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಆ ಆದೇಶದಲ್ಲಿದೆ. ಅದರ ಮೇಲೆ ಕಂಪನಿಗಳು ಮೇಲ್ಮನವಿ ಹೋದವು. ಆದ್ರಿಂದ ಅದನ್ನ ನಂಬ್ಕೊಂಡು ವಾರಂಟಿ ಅವಧಿಯಲ್ಲಿ ಇಂಜಿನ್ ಕೆಲಸ ಹೊರಗೆ ಮಾಡಿಸೋದು ಬೇಡ. ಪಂಕ್ಚರ್, ವಾಟರ್ ವಾಶ್, ಸೀಟ್ ಕವರ್‌ಗೆ ಏನೂ ತೊಂದರೆ ಇಲ್ಲ.

ಬಿಸಿಯಾದ್ರೂ ಓಡಿಸಿದ್ದು: ಟೆಂಪರೇಚರ್ ಲೈಟ್ ಕೆಂಪಗೆ ಹತ್ತಿದ ಮೇಲೂ 'ಮುಂದಿನ ಊರಿನ ತನಕ ಹೋಗಿ ನೋಡೋಣ' ಅಂತ ಓಡಿಸಿದ್ರೆ ಹೆಡ್ ಬೆಂಡ್ ಆಗುತ್ತೆ, ಕೆಲವೊಮ್ಮೆ ಇಂಜಿನ್ನೇ ಸೀಜ್ ಆಗುತ್ತೆ. ಈಗಿನ ಕಾರುಗಳ ಕಂಪ್ಯೂಟರ್ ದೋಷ ಬಂದ ಹೊತ್ತಿನ ಬಿಸಿ, ವೇಗ ಇಂಥ ವಿವರ ಉಳಿಸ್ಕೊಳ್ಳುತ್ತೆ. 'ನಾನು ಕೂಡ್ಲೇ ನಿಲ್ಲಿಸ್ದೆ' ಅಂತ ಹೇಳಿ ತಪ್ಪಿಸ್ಕೊಳ್ಳೋದು ಕಷ್ಟ. ಮೂಲ ದೋಷ ಕಂಪನಿಯದ್ದೇ ಆಗಿದ್ರೂ, ಆಮೇಲೆ ಓಡಿಸಿದ್ರಿಂದ ಹೆಚ್ಚಾದ ಹಾನಿ ನಿಮ್ಮ ತಲೆಗೆ ಬರುತ್ತೆ.

ನೀರು: ಮಳೆಗಾಲದಲ್ಲಿ ರಸ್ತೆ ಮೇಲೆ ನಿಂತ ನೀರಿಗೆ ಗಾಡಿ ಇಳಿಸಿ, ಗಾಳಿ ಎಳ್ಕೊಳ್ಳೋ ದಾರಿಯಲ್ಲಿ ನೀರು ಇಂಜಿನ್ ಒಳಗೆ ಹೋದ್ರೆ ಅದು ವಾರಂಟಿ ಅಲ್ಲ, ಇನ್ಶೂರೆನ್ಸ್ ವಿಷಯ. ಅದರಲ್ಲೂ ಇಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಇಲ್ಲದಿದ್ರೆ ಹಣ ಸಿಗೋದು ಕಷ್ಟ. ನೀರಲ್ಲಿ ಗಾಡಿ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗ್ಲೇಬೇಡಿ, ತಳ್ಳಿ ಹೊರಗೆ ತನ್ನಿ. ಪಿಸ್ಟನ್ ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಕೀ ತಿರುಗಿಸಿದ ಆ ಒಂದು ಗಳಿಗೆಗೆ ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತೆ.

ಇಲಿ, ಹೊರಗಿನ ವೈರಿಂಗ್, ಕಿಟ್: ಅಡಿಕೆ, ಅಕ್ಕಿ ಮೂಟೆ ಇಟ್ಟ ಕಡೆ ಗಾಡಿ ನಿಲ್ಲಿಸೋರಿಗೆ ಇಲಿ ಕಾಟ ಗೊತ್ತಿರೋದೇ. ಇಲಿ ಕಡಿದ ವೈರು ವಾರಂಟಿಗೆ ಬರಲ್ಲ. ಹೊರಗಡೆ ಹಾಕಿಸಿದ ಗ್ಯಾಸ್ ಕಿಟ್, ದೊಡ್ಡ ಲೈಟು, ಹಾರ್ನ್‌ಗೆ ವೈರ್ ಕತ್ತರಿಸಿ ಜೋಡಿಸಿದ್ರೆ ಅದೂ ನಿರಾಕರಣೆಗೆ ಕಾರಣ.

ಕೆಟ್ಟ ಇಂಧನ: ಬಂಕಿನ ಪೆಟ್ರೋಲ್, ಡೀಸೆಲ್‌ನಲ್ಲಿ ನೀರು, ಕಸ ಇದ್ದು ಇಂಜೆಕ್ಟರ್ ಹಾಳಾದ್ರೆ ಕಂಪನಿ ಒಪ್ಪಲ್ಲ. ಬಂಕಿನ ಬಿಲ್ಲು ಇದ್ರೆ ಕೇಳೋಕೆ ಒಂದು ಆಧಾರ ಆದ್ರೂ ಇರುತ್ತೆ. ಎಥನಾಲ್ ಬೆರೆಸಿದ ಪೆಟ್ರೋಲ್ ವಿಷಯದಲ್ಲಿ ನಿಮ್ಮ ಕಾರಿಗೆ ಯಾವ ಮಟ್ಟದ ತನಕ ಆಗುತ್ತೆ ಅಂತ ಮಾಲೀಕರ ಕೈಪಿಡಿಯಲ್ಲಿ ನೋಡಿ ಇಟ್ಕೊಳ್ಳಿ.

ಗಾಡಿ ಒಳಗೆ ಬಿಡೋ ದಿನ: ಜಾಬ್ ಕಾರ್ಡ್

ಇಂಜಿನ್ ಬಿಚ್ಚೋ ಮಟ್ಟದ ಕೆಲಸಕ್ಕೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯವರು ಸಾಮಾನ್ಯವಾಗಿ ಶಿವಮೊಗ್ಗಕ್ಕೇ ಹೋಗ್ಬೇಕು. ಸಾಗರದಿಂದ ಹೆಚ್ಚು ಕಡಿಮೆ 70 ಕಿ.ಮೀ. ಸದ್ದು ಜೋರಾಗಿದ್ರೆ, ಆಯಿಲ್ ಲೈಟ್ ಹತ್ತಿದ್ರೆ ಅಷ್ಟು ದೂರ ಓಡಿಸ್ಬೇಡಿ. ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರಿಗೆ ಫೋನ್ ಮಾಡಿ, ಟೋಯಿಂಗ್ ಎಷ್ಟು ದೂರದ ತನಕ ಫ್ರೀ ಅಂತ ಕೇಳಿ. ಫೋನ್ ಮಾಡಿದ ಹೊತ್ತು, ಅವರು ಕೊಟ್ಟ ದೂರಿನ ನಂಬರ್ ಬರೆದಿಡಿ. ನೀವು ಗಾಡಿ ನಿಲ್ಲಿಸಿದ್ರಿ ಅನ್ನೋದಕ್ಕೆ ಅದೇ ಸಾಕ್ಷಿ.

ಕೌಂಟರಿನಲ್ಲಿ ಅಡ್ವೈಸರ್ ಕಂಪ್ಯೂಟರ್‌ನಲ್ಲಿ 'ಜನರಲ್ ಚೆಕಪ್' ಅಂತ ಹೊಡೆದು ಸಹಿ ಹಾಕಿ ಅಂತಾರೆ. ಇಲ್ಲೇ ಅವಸರ ಮಾಡಬಾರದು. ನಿಮ್ಮ ದೂರು ನಿಮ್ಮ ಮಾತಲ್ಲೇ ಬರಲಿ: 'ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ ಕಟಕಟ ಸದ್ದು', 'ಮೂರನೇ ಗೇರ್‌ನಲ್ಲಿ ಏರು ಹತ್ತುವಾಗ ಎಳೆತ ಇಲ್ಲ', 'ಸಾವಿರ ಕಿಲೋಮೀಟರಿಗೆ ಇಷ್ಟು ಆಯಿಲ್ ಕಮ್ಮಿ ಆಗ್ತಿದೆ'. ದಿನಾಂಕ, ಕಿಲೋಮೀಟರ್, ಹತ್ತಿದ ಲೈಟು, ಎಲ್ಲಾ ಬರೆಸಿ. ಪ್ರತಿ ತೆಗೆದುಕೊಳ್ಳಿ. ಸದ್ದು ಬಂದಾಗ ಮನೆಯಲ್ಲೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟಿದ್ರೆ ತೋರಿಸಿ. ಶೋರೂಂಗೆ ಹೋದ ಹೊತ್ತಿಗೆ ಸರಿಯಾಗಿ ಸದ್ದು ನಿಲ್ಲೋದು ಇದ್ದದ್ದೇ.

ಇದು ಯಾಕೆ ಮುಖ್ಯ ಅಂದ್ರೆ, ವಾರಂಟಿ ಮುಗಿಯೋ ಒಂದು ತಿಂಗಳ ಮುಂಚೆ ದೂರು ಬರೆಸಿದ್ದು, ಕೆಲಸ ಆಗೋದು ಮುಗಿದ ಮೇಲೆ ಅಂತಾದ್ರೂ 'ಅವಧಿಯ ಒಳಗೇ ಹೇಳಿದ್ದೆ' ಅನ್ನೋಕೆ ಕಾಗದ ಇರುತ್ತೆ. 'ಆಗ ಹೇಳಿದ್ನಲ್ಲ ಸಾರ್' ಅನ್ನೋ ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಮೂರು ಸಲ ಒಂದೇ ದೂರಿಗೆ ಹೋಗಿದ್ರೆ ಮೂರು ಜಾಬ್ ಕಾರ್ಡ್ ಇರಬೇಕು. ಏನೂ ಮಾಡದೆ 'ಓಕೆ ಇದೆ, ಓಡಿಸಿ ನೋಡಿ' ಅಂತ ಕಳಿಸಿದ್ರೂ ಅದನ್ನೇ ಬರೆದುಕೊಡಿ ಅನ್ನಿ.

ಒಳಗೆ ಏನೇನು ಮಾಡ್ತಾರೆ?

ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ನೋಡ್ತಾರೆ. ಆಮೇಲೆ ಸಿಲಿಂಡರಿನ ಒತ್ತಡ ಅಳೆಯೋ ಕಂಪ್ರೆಷನ್ ಟೆಸ್ಟ್, ಆಯಿಲ್ ಪ್ರೆಷರ್ ಪರೀಕ್ಷೆ ಮಾಡ್ಬಹುದು.

ಆಯಿಲ್ ಕುಡಿಯುತ್ತೆ ಅನ್ನೋ ದೂರಿಗೆ ಕೂಡ್ಲೇ ಪರಿಹಾರ ನಿರೀಕ್ಷಿಸ್ಬೇಡಿ. ಆಯಿಲ್ ಪೂರ್ತಿ ಮಟ್ಟಕ್ಕೆ ತುಂಬಿ, ಗುರುತು ಹಾಕಿ ಕಳಿಸ್ತಾರೆ. ಸಾವಿರ ಕಿ.ಮೀ. ಅಥವಾ ಅವರು ಹೇಳಿದಷ್ಟು ಓಡಿಸಿ ವಾಪಸ್ ಹೋದ್ರೆ ಎಷ್ಟು ಕಮ್ಮಿ ಆಗಿದೆ ಅಂತ ಅಳೀತಾರೆ. ಕಂಪನಿ ಇಟ್ಟ ಮಿತಿಗಿಂತ ಹೆಚ್ಚಾಗಿದ್ರೆ ಮಾತ್ರ ಮುಂದಿನ ಹೆಜ್ಜೆ. ಈ ಮಧ್ಯೆ ನೀವು ಆಯಿಲ್ ಹಾಕಿದ್ರೆ ಪರೀಕ್ಷೆಯೇ ಹಾಳು. ಆದ್ರೆ ಡಿಪ್‌ಸ್ಟಿಕ್‌ನಲ್ಲಿ ಕೆಳಗಿನ ಗೆರೆಗೆ ಬಂತು ಅಂದ್ರೆ ಓಡಿಸೋದು ನಿಲ್ಲಿಸಿ, ಅವರಿಗೆ ತಿಳಿಸಿ.

ಇಂಜಿನ್ ಬಿಚ್ಚಲೇಬೇಕು ಅಂತ ಬಂದಾಗ ಒಂದು ಕಾಗದಕ್ಕೆ ಸಹಿ ಕೇಳ್ತಾರೆ. ಓದದೆ ಹಾಕ್ಬೇಡಿ. 'ಬಿಚ್ಚಿದ ಮೇಲೆ ದೋಷ ವಾರಂಟಿಗೆ ಬರದಿದ್ರೆ ಬಿಚ್ಚಿದ, ಜೋಡಿಸಿದ ಕೂಲಿ ಗ್ರಾಹಕರದ್ದು' ಅಂತ ಅದರಲ್ಲಿ ಇರಬಹುದು. ಕೂಲಿ ಎಷ್ಟು ಅಂತ ಎಸ್ಟಿಮೇಟ್ ಬರೆಸ್ಕೊಂಡೇ ಸಹಿ ಮಾಡಿ. ಬಿಚ್ಚುವಾಗ ನಾನೂ ನೋಡ್ಬೇಕು, ಫೋಟೋ ಬೇಕು ಅಂತ ಕೇಳಿ. ದೊಡ್ಡ ಕ್ಲೇಮ್ ಆದ್ರೆ ಕಂಪನಿಯ ಇಂಜಿನಿಯರ್ ಬಂದು ನೋಡೋದು ಉಂಟು. ಅವರು ಬರೋ ದಿನ ತಿಳ್ಕೊಂಡು ನೀವೂ ಹೋಗಿ. ಒಂದು ದಿನ ಅಂಗಡಿ ಬಾಗಿಲು ಹಾಕಿದ್ರೂ ಪರವಾಗಿಲ್ಲ.

ಕಂಪನಿ ಒಪ್ಪಿದ್ರೂ ಪೂರ್ತಿ ಹೊಸ ಇಂಜಿನ್ ಬರುತ್ತೆ ಅಂತ ಅಂದ್ಕೊಳ್ಬೇಡಿ. ರಿಪೇರಿ ಮಾಡೋದೋ, ಭಾಗ ಬದಲಾಯಿಸೋದೋ ಅನ್ನೋ ಆಯ್ಕೆ ವಾರಂಟಿ ಪುಸ್ತಕದ ಪ್ರಕಾರ ಕಂಪನಿಯದ್ದು. ರಿಂಗ್ ಹೋಗಿದ್ರೆ ರಿಂಗ್, ಹೆಡ್ ಹೋಗಿದ್ರೆ ಹೆಡ್. ಬ್ಲಾಕ್, ಪಿಸ್ಟನ್, ಕ್ರ್ಯಾಂಕ್ ಸೇರಿ ಅರ್ಧ ಇಂಜಿನ್ ಬದಲಾಯಿಸೋದೂ ಇದೆ. ತೆಗೆದ ಹಳೇ ಸಾಮಾನು ವಾರಂಟಿ ಕೆಲಸದಲ್ಲಿ ಕಂಪನಿಗೆ ಸೇರುತ್ತೆ, ಮನೆಗೆ ಕೊಡಲ್ಲ. ಆದ್ರೆ ನೋಡೋಕೆ, ಫೋಟೋ ತೆಗೆಯೋಕೆ ಕೇಳಬಹುದು.

ಎಷ್ಟು ದಿನ? ಅಲ್ಲಿ ತನಕ ಗಾಡಿ?

ಸೆನ್ಸರ್ ಬದಲಾಯಿಸೋ ಕೆಲಸ ಒಂದೆರಡು ದಿನದಲ್ಲಿ ಮುಗೀಬಹುದು. ಇಂಜಿನ್ ಬಿಚ್ಚೋದು, ಒಪ್ಪಿಗೆ ಬರೋದು, ಸಾಮಾನು ತರಿಸೋದು ಅಂತಾದ್ರೆ ವಾರಗಟ್ಟಲೆ ಹಿಡಿಯೋಕೆ ತಯಾರಿರಿ. ಬದಲಿ ಗಾಡಿ ಕೊಡೋದು ಸಾಮಾನ್ಯವಾಗಿ ವಾರಂಟಿಯಲ್ಲಿ ಸೇರಿಲ್ಲ. ವ್ಯಾಪಾರ ನಷ್ಟ, ಬಾಡಿಗೆ ಗಾಡಿ ಖರ್ಚು ಕೊಡಲ್ಲ ಅಂತ ಪುಸ್ತಕದಲ್ಲೇ ಬರೆದಿರ್ತಾರೆ. ಆದ್ರೂ ಬಾಡಿಗೆ ಗಾಡಿಯ ರಸೀದಿ ಬಿಸಾಕ್ಬೇಡಿ. ವಿನಾಕಾರಣ ತಡ ಮಾಡಿದ್ರೆ ಸೇವಾ ನ್ಯೂನತೆ ಅಂತ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳುವಾಗ ಅವೇ ಲೆಕ್ಕಕ್ಕೆ ಬರೋದು.

ವಾರಕ್ಕೊಮ್ಮೆ 'ನನ್ನ ಗಾಡಿ ಇಂಥ ಜಾಬ್ ಕಾರ್ಡ್ ನಂಬರಿನದು, ಯಾವ ಹಂತದಲ್ಲಿದೆ?' ಅಂತ ವಾಟ್ಸಾಪ್ ಅಥವಾ ಇಮೇಲ್‌ನಲ್ಲೇ ಕೇಳಿ. ಫೋನ್ ಮಾತು ಗಾಳಿಗೆ ಹೋಗುತ್ತೆ, ಬರಹ ಉಳಿಯುತ್ತೆ.

ಗಾಡಿ ವಾಪಸ್ ತಗೊಳ್ಳುವಾಗ

ಬಿಲ್ಲು ಸೊನ್ನೆ ಇದ್ರೂ ಇನ್ವಾಯ್ಸ್ ಕೇಳಿ ತಗೊಳ್ಳಿ. ಏನೇನು ಬದಲಾಯಿಸಿದ್ರು ಅಂತ ಅದರಲ್ಲಿರಬೇಕು. ಅಡ್ವೈಸರ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಸುತ್ತು ಓಡಿಸಿ. ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಮತ್ತೆ ಹೊಸದಾಗಿ ಮೂರು ವರ್ಷ ಸಿಗುತ್ತೆ ಅಂತ ತಿಳ್ಕೊಳ್ಬೇಡಿ, ಸಾಮಾನ್ಯವಾಗಿ ಹಳೇ ವಾರಂಟಿಯಲ್ಲಿ ಉಳಿದಷ್ಟು ದಿನ ಮಾತ್ರ.

ಇಂಜಿನ್ ನಂಬರ್ ಬದಲಾಗಿದ್ರೆ ಇನ್ನೊಂದು ಕೆಲಸ ಇದೆ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತೆ. ಡೀಲರ್ ಕಡೆಯಿಂದ ಪತ್ರ, ಹೊಸ ಇಂಜಿನ್ನಿನ ಇನ್ವಾಯ್ಸ್ ತಗೊಂಡು ನಿಮ್ಮ ಆರ್‌ಟಿಒದಲ್ಲಿ, ಕೆಎ-14 ಆದ್ರೆ ಶಿವಮೊಗ್ಗ, ಕೆಎ-15 ಆದ್ರೆ ಸಾಗರ, ಆರ್‌ಸಿ ತಿದ್ದುಪಡಿ ಮಾಡಿಸಿ. ಸಾಲ ಇದ್ರೆ ಬ್ಯಾಂಕಿಗೂ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಇದನ್ನ ಬಿಟ್ರೆ ನಾಳೆ ಗಾಡಿ ಮಾರುವಾಗಲೋ ಅಪಘಾತದ ಕ್ಲೇಮ್ ಹಾಕುವಾಗಲೋ ತೊಂದರೆ ಬರುತ್ತೆ.

'ಬರಲ್ಲ' ಅಂದ್ರೆ ಮುಂದೇನು?

ಮೊದಲು ಕೇಳಬೇಕಾದ್ದು ಒಂದೇ: ಯಾಕೆ ಬರಲ್ಲ ಅನ್ನೋದನ್ನ ಬರೆದು ಕೊಡಿ. ಬರೆಯುವಾಗ ಕಾರಣ ಬೇಕಾಗುತ್ತೆ, ಕಾರಣ ಇದ್ರೆ ಉತ್ತರ ಕೊಡಬಹುದು. 'ಸರ್ವಿಸ್ ತಡ' ಅಂತ ಬರೆದ್ರೆ, ಎಷ್ಟು ದಿನ ತಡ, ಆ ತಡಕ್ಕೂ ಈ ದೋಷಕ್ಕೂ ಏನು ಸಂಬಂಧ ಅಂತ ಕೇಳಿ. ಹದಿನೈದು ದಿನ ತಡವಾದ ಆಯಿಲ್ ಸರ್ವಿಸ್‌ಗೂ ಕೆಟ್ಟ ಸೆನ್ಸರ್‌ಗೂ ಸಂಬಂಧ ತೋರಿಸೋದು ಅವರಿಗೂ ಸುಲಭ ಅಲ್ಲ.

ಆಮೇಲೆ ವರ್ಕ್‌ಶಾಪ್ ಮ್ಯಾನೇಜರ್, ಅಲ್ಲಿಂದ ಕಂಪನಿಯ ಕಸ್ಟಮರ್ ಕೇರ್. ಇಮೇಲ್‌ನಲ್ಲಿ ಚಾಸಿ ನಂಬರ್, ಜಾಬ್ ಕಾರ್ಡ್‌ಗಳ ದಿನಾಂಕ, ಸರ್ವಿಸ್ ಬಿಲ್ಲು, ಫೋಟೋ ಹಾಕಿ. ಬೈಗುಳ ಬೇಡ. ಏನಾಗಿದೆ, ಏನು ಬೇಕು ಅಷ್ಟೇ ಬರೆಯಿರಿ. ವಾರಂಟಿ ಮುಗಿದು ಸ್ವಲ್ಪವೇ ದಿನ ಆಗಿದ್ದು, ಎಲ್ಲಾ ಸರ್ವಿಸ್ ಅಲ್ಲೇ ಮಾಡಿಸಿದ್ರೆ ಖರ್ಚಿನಲ್ಲಿ ಒಂದು ಪಾಲು ಕಂಪನಿ ಭರಿಸೋ ಪದ್ಧತಿ ಉಂಟು. ಗುಡ್‌ವಿಲ್ ಅಂತಾರೆ. ಅದು ಹಕ್ಕಲ್ಲ, ಕೇಳಿದವರಿಗೆ ಸಿಗೋದು.

ನಿಮ್ಮ ಕಾರಿಗೆ ರೀಕಾಲ್ ಇದೆಯಾ ಅಂತಲೂ ನೋಡಿ. ಉದಾಹರಣೆಗೆ, 2024ರ ಮಾರ್ಚ್‌ನಲ್ಲಿ ಮಾರುತಿ 11,851 ಬಲೆನೊ ಮತ್ತು 4,190 ವ್ಯಾಗನ್ ಆರ್ ಕಾರುಗಳನ್ನ ಫ್ಯೂಯೆಲ್ ಪಂಪ್ ಮೋಟರಿನ ಭಾಗದ ದೋಷಕ್ಕೆ ವಾಪಸ್ ಕರೆದಿತ್ತು. ಅವು 2019ರ ಜುಲೈ 30ರಿಂದ ನವೆಂಬರ್ 1ರ ಒಳಗೆ ತಯಾರಾದವು. ಅಂದ್ರೆ ವಾರಂಟಿ ಅವಧಿ ಮುಗಿದ ಮೇಲೂ ರೀಕಾಲ್ ಕೆಲಸ ಉಚಿತವಾಗಿ ಆಗುತ್ತೆ. ಕಂಪನಿ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದ್ರೆ ಗೊತ್ತಾಗುತ್ತೆ.

ಇದ್ಯಾವುದಕ್ಕೂ ಬಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕಂಪನಿ ಜೊತೆ ಮಾತಾಡಿ ಬಗೆಹರಿಸೋ ದಾರಿ, ಆದೇಶ ಮಾಡೋ ಅಧಿಕಾರ ಅದಕ್ಕಿಲ್ಲ.

ಗ್ರಾಹಕರ ಆಯೋಗ: ಖರ್ಚು ಅಂದುಕೊಂಡಷ್ಟಿಲ್ಲ

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸ ಇರೋ ಅಥವಾ ದುಡಿಯೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ರೂ ನೀವು ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಹೋದ್ರೆ ಸಾಕು. 50 ಲಕ್ಷ ರೂಪಾಯಿ ತನಕ ಬೆಲೆ ಕೊಟ್ಟ ವಸ್ತುವಿನ ದೂರು ಜಿಲ್ಲಾ ಆಯೋಗಕ್ಕೆ ಬರುತ್ತೆ. ಶುಲ್ಕ 5 ಲಕ್ಷದ ತನಕ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ, 20ರಿಂದ 50 ಲಕ್ಷಕ್ಕೆ 1,000 ರೂಪಾಯಿ. ದೂರು ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಕೊಡಬೇಕು. ಆನ್‌ಲೈನ್‌ನಲ್ಲೂ ಕೊಡಬಹುದು. ವಕೀಲರು ಕಡ್ಡಾಯ ಅಲ್ಲ. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ, ಒಬ್ಬರನ್ನ ಬಿಟ್ರೆ 'ತಪ್ಪು ಅವರದ್ದು' ಅಂತ ಇನ್ನೊಬ್ಬರು ಜಾರ್ಕೊಳ್ತಾರೆ.

ಎದುರುದಾರರಿಗೆ ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದ್ರೆ 5 ತಿಂಗಳಲ್ಲಿ ತೀರ್ಮಾನಕ್ಕೆ ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಅದಕ್ಕಿಂತ ಹೆಚ್ಚು ಹಿಡಿಯೋದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡೇ ಹೋಗಿ.

ಅಂಗಡಿಯವರಿಗೆ, ಟ್ಯಾಕ್ಸಿಯವರಿಗೆ ಒಂದು ಎಚ್ಚರಿಕೆ. 'ಇದು ವ್ಯಾಪಾರಕ್ಕೆ ತಗೊಂಡ ಗಾಡಿ, ಇವರು ಗ್ರಾಹಕರೇ ಅಲ್ಲ' ಅಂತ ಕಂಪನಿ ವಕೀಲರು ವಾದ ಮಾಡಬಹುದು. ಸ್ವಂತ ಉದ್ಯೋಗದಿಂದ ಜೀವನ ನಡೆಸೋಕೆ ಮಾತ್ರ ಕೊಂಡ ವಸ್ತುವನ್ನ ಕಾಯ್ದೆ ವಾಣಿಜ್ಯ ಉದ್ದೇಶ ಅಂತ ನೋಡಲ್ಲ. ಗಾಡಿ ನಿಮ್ಮ ಹೆಸರಲ್ಲಿದ್ದು, ನೀವೇ ಓಡಿಸಿ ಹೊಟ್ಟೆ ಹೊರೀತಿದ್ರೆ ಅದನ್ನ ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ.

ಏನು ಕೇಳಬೇಕು ಅನ್ನೋದೂ ಗೊತ್ತಿರಬೇಕು. 'ಹೊಸ ಕಾರೇ ಬೇಕು' ಅನ್ನೋರೇ ಹೆಚ್ಚು. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷ ಇರೋ ಭಾಗವನ್ನ ಸರಿ ಮಾಡೋದಕ್ಕೆ ಅಥವಾ ಬದಲಾಯಿಸೋದಕ್ಕೆ, ಪೂರ್ತಿ ಕಾರು ಬದಲಾಯಿಸೋದಕ್ಕಲ್ಲ ಅಂತ ಹೇಳಿದೆ. ಇಂಜಿನ್ ಸದ್ದಿನ ದೂರಿದ್ದ ಫಿಯಟ್ ಕಾರಿನ ಪ್ರಕರಣದಲ್ಲಿ 2010ರಲ್ಲಿ ಅದೇ ಕೋರ್ಟ್, ಗಾಡಿಯನ್ನ ಸ್ವತಂತ್ರ ತಾಂತ್ರಿಕ ತಜ್ಞರಿಂದ ಪರೀಕ್ಷೆ ಮಾಡಿಸಿ, ತಯಾರಿಕಾ ದೋಷ ಇದೆ ಅಂತ ಬಂದ್ರೆ ಹಣ ವಾಪಸ್ ಅನ್ನೋ ದಾರಿ ತೋರಿಸಿತು. ಅಂದ್ರೆ ಕಾರಿನ ಪೂರ್ತಿ ಹಣ ಬೇಕಾದ್ರೆ ತಜ್ಞರ ವರದಿ ಬೇಕು. ಅಂಥ ಪರೀಕ್ಷೆಗೆ ಕಳಿಸೋ ಅಧಿಕಾರ ಜಿಲ್ಲಾ ಆಯೋಗಕ್ಕೂ ಇದೆ, ಅರ್ಜಿ ಹಾಕಿ ಕೇಳಬಹುದು. ವರದಿ ಬರೋ ಮುಂಚೆ ಊರಿನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿದ್ರೆ ಸಾಕ್ಷಿ ನೀವೇ ಅಳಿಸಿದ ಹಾಗೆ.

ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ?

ಕಾರನ್ನ ಐದಾರು ವರ್ಷ ಇಟ್ಕೊಳ್ಳೋರಿಗೆ, ಅದರಲ್ಲೂ ಟರ್ಬೊ, ಡೀಸೆಲ್, ಆಟೋಮ್ಯಾಟಿಕ್ ಗಾಡಿ ಇರೋರಿಗೆ ಯೋಚಿಸೋ ಹಾಗಿದೆ. ಮೂರು ಪ್ರಶ್ನೆ ಕೇಳಿ: ಕೊಡೋದು ಕಾರು ಕಂಪನಿಯಾ, ಬೇರೆಯವರಾ? ಇಂಜಿನ್ ಒಳಗಿನ ಯಾವ ಯಾವ ಭಾಗಕ್ಕೆ ಇದೆ? ವರ್ಷಕ್ಕೆ ಅಥವಾ ಒಂದು ಕ್ಲೇಮ್‌ಗೆ ಮಿತಿ ಇದೆಯಾ? ಮೊದಲ ವಾರಂಟಿ ಮುಗಿಯೋ ಮುಂಚೆಯೇ ತಗೊಳ್ಬೇಕು. ಇಂಜಿನ್ ಸದ್ದು ಮಾಡೋಕೆ ಶುರುವಾದ ಮೇಲೆ ಕೇಳೋದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಗಾಡಿ ಕಾಗದದ ಜೊತೆ ಇದಿಷ್ಟು ಇರಲಿ

ವಾರಂಟಿ ಪುಸ್ತಕ. ಕಾರು ಕೊಂಡ ಇನ್ವಾಯ್ಸ್. ಎಲ್ಲಾ ಸರ್ವಿಸ್ ಬಿಲ್ಲು, ಎಲ್ಲಾ ಜಾಬ್ ಕಾರ್ಡ್. ಮುಂದಿನ ಸರ್ವಿಸ್ ದಿನಾಂಕ ಅಂಗಡಿ ಕ್ಯಾಲೆಂಡರಿನಲ್ಲಿ ಗುರುತು. ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರ್. ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿ ಹೋಗೋದು ಇದೆ, ತಂದ ದಿನವೇ ಮೊಬೈಲ್‌ನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಉದ್ರಿ ಪುಸ್ತಕ ಎಷ್ಟು ಜೋಪಾನ ಮಾಡ್ತೀರೋ ಇದನ್ನೂ ಅಷ್ಟೇ ಜೋಪಾನ ಮಾಡಿ. ನಾಳೆ ಲಕ್ಷದ ಬಿಲ್ಲು ಕಟ್ಟೋದು ನೀವಾ, ಕಂಪನಿಯಾ ಅನ್ನೋ ಪ್ರಶ್ನೆ ಬಂದಾಗ ಮಾತಾಡೋದು ಇದೇ ಕಾಗದ.